ಬೇಕರಿ ಪಕ್ಕದ ಟೈಲರ್ ಜಯಪ್ಪ

ಅಮ್ಮತ್ತಿಯ ಟೈಲರ್ ಜಯಪ್ಪನಿಗೆ ಗಡಿಯಾರ ಬೇಕಿರಲಿಲ್ಲ. ಅವನ ಅಂಗಡಿಗೂ ಕೃಷ್ಣಪ್ಪನ ಬೇಕರಿಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಹಲಗೆ ಸಂದಿಯಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದರೆ ಬೆಳಗಿನ ಒಂಬತ್ತು ಗಂಟೆ, ಖಾರ ಬನ್ನಿನ ಈರುಳ್ಳಿ ವಾಸನೆ ಬಂದರೆ ಹನ್ನೊಂದು, ದಿಲ್‌ಪಸಂದಿನ ಕೊಬ್ಬರಿ ಸಕ್ಕರೆಯ ಘಮ ಬಂದರೆ ಮೂರೂವರೆ. ಒಂದೊಂದು ಗಂಟೆಗೂ ಜಯಪ್ಪ ತಕ್ಕ ಮರ್ಯಾದೆ ಸಲ್ಲಿಸುತ್ತಿದ್ದ. ಗೋಡೆಯ ಒಂದು ಹಲಗೆ ಯಾವಾಗಲೋ ಕಳಚಿಹೋಗಿ ಅಲ್ಲೊಂದು ಕಿಂಡಿಯಾಗಿತ್ತು. ಕತ್ತರಿಯಿಂದ ಎರಡು ಸಲ ಟಕಟಕ ಎಂದು ತಟ್ಟಿದರೆ ಸಾಕು, ಆ ಕಡೆಯಿಂದ ಒಂದು ಕೈ ಬರುತ್ತಿತ್ತು, ಕೈಯಲ್ಲಿ ಕಾಗದ, ಕಾಗದದಲ್ಲಿ ಬಿಸಿ ಬನ್ನು. ಎದ್ದು ಹೋಗುವ ಶ್ರಮವೂ ಇಲ್ಲ. ಮನುಷ್ಯ ಕೆಡುವುದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಜಯಪ್ಪ ಹುಟ್ಟಿದ್ದು ಕೊಡ್ಲಿಪೇಟೆ ಕಡೆ, ಲಿಂಗಾಯತರ ಮನೆಯಲ್ಲಿ. ಮೂವತ್ತೊಂದು ವರ್ಷದ ಹಿಂದೆ ಒಂದು ಹೊಲಿಗೆ ಮೆಷಿನ್ನು, ಹೊಸ ಹೆಂಡತಿ ಸುಲೋಚನಮ್ಮ, ಎರಡನ್ನೂ ಒಂದೇ ಬಸ್ಸಿನಲ್ಲಿ ಕರೆದುಕೊಂಡು ಅಮ್ಮತ್ತಿಗೆ ಬಂದವನು. ಇಲ್ಲಿ ಅವನಿಗೆ ಹೆಸರು ತಂದದ್ದು ಕುಪ್ಯ. ಕೊಡವ ಗಂಡಸರು ಮದುವೆಗೆ, ಹಬ್ಬಕ್ಕೆ ತೊಡುವ, ಮೊಣಕಾಲಿಗೆ ಮುಟ್ಟುವ ಅರೆತೋಳಿನ ಆ ನಿಲುವಂಗಿಯನ್ನು ಜಯಪ್ಪ ಹೊಲಿದರೆ ಹೆಗಲಿನಲ್ಲಿ ಒಂದು ಸುಕ್ಕು ಕಾಣುತ್ತಿರಲಿಲ್ಲ. ತಿತಿಮತಿಯಿಂದಲೂ ಜನ ಬಟ್ಟೆ ತಂದು ಕೊಡುತ್ತಿದ್ದರು. ಮಗಳು ಚಂದನಾಳನ್ನು ಓದಿಸಿ ಸೋಮವಾರಪೇಟೆಗೆ ಮದುವೆ ಮಾಡಿಕೊಟ್ಟದ್ದೂ ಈ ಕುಪ್ಯಗಳಿಂದಲೇ.

ಜನವರಿ ತಿಂಗಳ ಒಂದು ದಿನ, ತೋಟದ ಪೊನ್ನಪ್ಪನವರು ಹಿಂದಿನ ವಾರ ಒಯ್ದಿದ್ದ ಕುಪ್ಯವನ್ನು ವಾಪಸು ತಂದರು. ಪೊನ್ನಪ್ಪನವರು ಸಿಟ್ಟಿನ ಮನುಷ್ಯರಲ್ಲ. ಕುಪ್ಯವನ್ನು ಕಟಿಂಗ್ ಟೇಬಲ್ಲಿನ ಮೇಲೆ ಬೋರಲಾಗಿ ಹರಡಿ, ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಎಂಥ ಜಯಪ್ಪ ಇದು? ಬೆನ್ನ ಮೇಲೆ ಕಾವೇರಿ ಹರಿದ ಹಾಗೆ ಉಂಟಲ್ಲ ಮಾರಾಯ!"

ಜಯಪ್ಪ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಕಪ್ಪು ಬಟ್ಟೆ, ಕಪ್ಪು ದಾರ, ಎರಡರ ಮೇಲೂ ಕಾಫಿ ಹೂವಿನ ಕಾಲದ ಮಂಜಿನಂಥ ಒಂದು ಪರದೆ. ಬಾಗಿಲ ಬೆಳಕಿಗೆ ಒಯ್ದು ನೋಡಿದ ಮೇಲೆ ಹೊಲಿಗೆ ಅಂಕುಡೊಂಕಾಗಿ ಓಡಿದ್ದು ಕಂಡಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಗಿರಾಕಿಯ ಮುಂದೆ ಮುಖ ಎತ್ತಲಾಗಲಿಲ್ಲ.

"ಮೆಷಿನ್ನಿಂದು ಏನೋ ಆಗಿರಬೇಕು ಸಾರ್," ಎಂದ.

"ಮೆಷಿನ್ನಿಂದಲ್ಲ, ಕಣ್ಣಿಂದು. ಹೋಗಿ ತೋರಿಸಿ," ಎಂದರು ಪೊನ್ನಪ್ಪನವರು. ಆಮೇಲೆ ಜೀಪಿನಿಂದ ಒಂದು ಗಂಟು ತಂದು ಟೇಬಲ್ಲಿನ ಮೇಲಿಟ್ಟರು. "ಏಪ್ರಿಲ್ ಕೊನೆಯಲ್ಲಿ ಮಗನ ಮದುವೆ. ಮದುಮಗನಿಗೆ ಒಂದು ಬಿಳಿದು, ನಮಗೆಲ್ಲ ಆರು ಕಪ್ಪು. ನಿಮ್ಮ ಕೈಯಲ್ಲೇ ಹೊಲಿಸ್ಬೇಕು ಅಂತ ನನಗೆ ಉಂಟು. ಮಾರ್ಚ್ ಹದಿನೈದರ ಒಳಗೆ ಕಣ್ಣು ಸರಿ ಮಾಡಿಸ್ತೀರಾದ್ರೆ ಕಾಯ್ತೇನೆ. ಇಲ್ಲಾಂದ್ರೆ ಗೋಣಿಕೊಪ್ಪಕ್ಕೆ ಕೊಡ್ತೇನೆ, ಬೇಜಾರು ಮಾಡ್ಬೇಡಿ."

ವಿರಾಜಪೇಟೆಯ ಕಣ್ಣಿನ ಡಾಕ್ಟರಮ್ಮ ಎರಡು ಕಣ್ಣಿಗೂ ಲೈಟು ಬಿಟ್ಟು ನೋಡಿ, ಪೊರೆ ಬಂದಿದೆ, ಬಲಗಣ್ಣಿಗೆ ಮೊದಲು ಆಪರೇಷನ್ ಮಾಡಬೇಕು ಎಂದರು. ಆಮೇಲೆ ರಕ್ತದ ರಿಪೋರ್ಟು ಕೈಗೆ ಬಂದಾಗ ಅವರ ಮುಖ ಬದಲಾಯಿತು. ಸಕ್ಕರೆ ಇನ್ನೂರ ತೊಂಬತ್ತು, ಅದೂ ಬರಿ ಹೊಟ್ಟೆಯಲ್ಲಿ!

"ಈ ಸಕ್ಕರೆ ಇಟ್ಕೊಂಡು ಕಣ್ಣಿಗೆ ಕತ್ತಿ ಹಾಕೋಕಾಗಲ್ಲ. ಮಾತ್ರೆ ಬರ್ಕೊಡ್ತೀನಿ, ಆದರೆ ಮಾತ್ರೆ ಅರ್ಧ ಕೆಲಸ, ಬಾಯಿ ಅರ್ಧ ಕೆಲಸ. ಆರು ವಾರ ಬಾಯಿ ಕಟ್ಟಿ. ನೂರೈವತ್ತರ ಒಳಗೆ ಬಂದ್ರೆ ಮಾರ್ಚಿನಲ್ಲೇ ಮಾಡೋಣ."

ಬಸ್ಸಿನಲ್ಲಿ ವಾಪಸು ಬರುವಾಗ ಜಯಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ಕಾಣುತ್ತಿದ್ದದ್ದು ಅಷ್ಟಕ್ಕಷ್ಟೇ. ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೊಲಿಗೆ ಬಿಟ್ಟರೆ ಅವನಿಗೆ ಗೊತ್ತಿದ್ದದ್ದು ತಿನ್ನುವುದೊಂದೇ, ಈಗ ಎರಡಕ್ಕೂ ಸಂಚಕಾರ ಬಂದಿತ್ತು.

ಸುಲೋಚನಮ್ಮ ಮರುದಿನದಿಂದಲೇ ಅಡುಗೆಮನೆಯ ಕಾನೂನು ಬದಲಾಯಿಸಿದಳು. ಅನ್ನದ ಜಾಗಕ್ಕೆ ರಾಗಿ ಮುದ್ದೆ ಬಂತು, ಪಾಯಸದ ಜಾಗಕ್ಕೆ ಏನೂ ಬರಲಿಲ್ಲ. ಮನೆಯಲ್ಲಿ ಜಯಪ್ಪ ಋಷಿಯಂತೆ ಮುದ್ದೆ ನುಂಗಿ, ಸೊಪ್ಪಿನ ಸಾರು ಸುರಿದು ಎದ್ದು ಹೋಗುತ್ತಿದ್ದ. ಅಂಗಡಿಗೆ ಬಂದರೆ ಒಂಬತ್ತು ಗಂಟೆಯ ವಾಸನೆ ಕಾದು ಕೂತಿರುತ್ತಿತ್ತು. ಮೊದಲು ಕಿಂಡಿಗೆ ರಟ್ಟು ಹೊಡೆದ. ರಟ್ಟಿಗೆ ವಾಸನೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಆಮೇಲೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ಅಳತೆ ಕೊಡಲು ಬಂದವರು ಇವನಿಗೇನೋ ಅಂಟುಜಾಡ್ಯ ಎಂದು ಎರಡು ಹೆಜ್ಜೆ ಹಿಂದೆ ನಿಂತರು. ನಾಲ್ಕನೆಯ ದಿನ 'ಒಂದೇ ಒಂದು ಬೆಣ್ಣೆ ಬಿಸ್ಕತ್ತು' ಎಂದು ರಟ್ಟಿನ ಒಂದು ಮೂಲೆ ಎತ್ತಿದ. ಐದನೆಯ ದಿನ ರಟ್ಟೇ ಇರಲಿಲ್ಲ. ಹನ್ನೆರಡನೆಯ ದಿನ ಸುಲೋಚನಮ್ಮ ಅವನ ಅಂಗಿ ಒಗೆಯಲು ನೆನೆಸುವಾಗ ಜೇಬಿನಲ್ಲಿ ದಿಲ್‌ಪಸಂದಿನ ಪುಡಿ ಸಿಕ್ಕಿತು, ಅದರ ಹಿಂದೆಯೇ ಸಾಲುಗಟ್ಟಿದ ಇರುವೆಗಳೂ ಸಿಕ್ಕವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಇರುವೆಗಳಾದರೂ ಬಾಯಿ ಬಿಡುತ್ತವೆ.

ಅವಳು ಕೂಗಾಡುತ್ತಾಳೆ ಎಂದು ಜಯಪ್ಪ ಕಾದ. ಅವಳು ಕೂಗಾಡಲಿಲ್ಲ. ಸಂಜೆ ಅವನೆದುರು ಕೂತು, ಅವನ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಬೆರಳಿನಿಂದ ಮುಟ್ಟಿದಳು.

"ರೀ, ಇದರೊಳಗೆ ಯಾರಿದಾರೆ?"

"ಇದೇನೇ ಹಿಂಗೆ ಕೇಳ್ತೀಯ? ಲಿಂಗಪ್ಪ."

"ನಿಮ್ಮವ್ವ ಬದುಕಿದ್ದಾಗ ಒಂದು ಬಾಳೆಹಣ್ಣನ್ನಾದರೂ ಲಿಂಗಕ್ಕೆ ತೋರಿಸದೆ ಬಾಯಿಗೆ ಹಾಕ್ತಿದ್ರಾ? ನೀವು ಬೆಳಿಗ್ಗೆ ಒಂದ್ಸಲ ಪೂಜೆ ಮಾಡ್ತೀರಿ, ಆಮೇಲೆ ಇಡೀ ದಿನ ಅವನ ಕಣ್ಣು ತಪ್ಪಿಸಿ ಮೇಯ್ತೀರಿ. ನಾನು ತಿನ್ನಬೇಡಿ ಅಂತ ಹೇಳಲ್ಲ ಕಣ್ರಿ, ಹೇಳಿ ಹೇಳಿ ಸಾಕಾಯ್ತು. ಏನು ಬೇಕಾದ್ರೂ ತಿನ್ನಿ. ತಿನ್ನೋ ಮುಂಚೆ ಕೈಕಾಲು ತೊಳ್ಕೊಂಡು, ವಿಭೂತಿ ಹಚ್ಕೊಂಡು, ಲಿಂಗಕ್ಕೆ ತೋರಿಸಿ ತಿನ್ನಿ. ಇಷ್ಟು ಮಾತು ಕೊಡಿ."

ಜಯಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಹಾವೂ ಸಾಯದು, ಕೋಲೂ ಮುರಿಯದು ಎಂಬಂಥ ತೀರ್ಪು! ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಆ ಮಾತಿನ ಭಾರ ಗೊತ್ತಾದದ್ದು ಮರುದಿನ. ಒಂಬತ್ತಕ್ಕೆ ವಾಸನೆ ಬಂತು, ಕತ್ತರಿ ತಟ್ಟಿದ, ಕೈ ಬಂತು. ಬಿಸ್ಕತ್ತು ಬಾಯಿಯ ಹತ್ತಿರ ಹೋದಾಗ ಮಾತು ನೆನಪಾಯಿತು. ಬಿಸ್ಕತ್ತನ್ನು ಕಾಗದದ ಮೇಲಿಟ್ಟು ಹಿಂದಿನ ನಲ್ಲಿಗೆ ಹೋಗಿ ಕೈಕಾಲು ತೊಳೆದು ಬಂದ. ವಿಭೂತಿ ಹಚ್ಚಿದ. ಮಣೆ ಹಾಕಿ ಕೂತು ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಳ್ಳುವಾಗ ಗಿರಾಕಿಯೊಬ್ಬರು ಬಂದು, ಪೂಜೆ ನಡೆದಿದೆ ಎಂದು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಅವರ ಮುಂದೆ ಎರಡೇ ನಿಮಿಷಕ್ಕೆ ಮುಗಿಸಲು ಸಾಧ್ಯವೇ? ಕಣ್ಣು ಮುಚ್ಚಿ ಗೊತ್ತಿದ್ದ ಮಂತ್ರವನ್ನೆಲ್ಲ ಹೇಳಬೇಕಾಯಿತು. ಕಣ್ಣು ಬಿಟ್ಟಾಗ ಬಿಸ್ಕತ್ತು ತಣ್ಣಗಾಗಿತ್ತು, ಆಸೆ ಅದಕ್ಕಿಂತ ತಣ್ಣಗಾಗಿತ್ತು.

ಹನ್ನೊಂದಕ್ಕೆ ಇನ್ನೊಂದು ತೊಡಕು. ಲಿಂಗದ ಮುಂದೆ ಮೊಟ್ಟೆ ಇಡುವಂತಿಲ್ಲ. ಇಷ್ಟು ವರ್ಷ ಈ ವಿಷಯವನ್ನು ಅವನು ಜಾಣತನದಿಂದ ಕೇಳಿರಲಿಲ್ಲ. ಈಗ ಕಿಂಡಿಯಲ್ಲಿ ಮುಖವಿಟ್ಟು ಕೇಳಿದ.

"ಕೃಷ್ಣಪ್ಪ, ಹನಿ ಕೇಕಿಗೆ ಮೊಟ್ಟೆ ಹಾಕ್ತೀಯೇನಪ್ಪ?"

"ಹಾಕ್ದೆ ಇರ್ತೀವಾ ಜಯಣ್ಣ? ಕೇಕು ಉಬ್ಬೋದು ಹೆಂಗೆ?"

"ದಿಲ್‌ಪಸಂದಿಗೆ?"

"ಮೇಲೆ ಸವರ್ತೀವಿ, ಹೊಳಪು ಬರಲಿ ಅಂತ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಕೇಳ್ಲಿಲ್ಲ?" ಎಂದು ಕೃಷ್ಣಪ್ಪ ನಕ್ಕ. ಅವನು ಹಾಸನ ಕಡೆಯವನು, ಬಾಯಿ ತುಂಬ ನಗುವ ಮನುಷ್ಯ. ಒಂದೇ ಬೆಳಗಿನಲ್ಲಿ ಜಯಪ್ಪನ ಪಾಲಿಗೆ ಬೇಕರಿಯ ಅರ್ಧ ಬೀರು ಖಾಲಿಯಾಯಿತು.

ಉಳಿದ ಅರ್ಧಕ್ಕೆ ಸೋಮಾರಿತನ ಸಹಾಯಕ್ಕೆ ಬಂತು. ಒಂದು ಬನ್ನಿಗಾಗಿ ಅಷ್ಟು ಸಲ ಎದ್ದು, ತೊಳೆದು, ಹಚ್ಚಿ, ಕೂತು ಮಾಡುವವರು ಯಾರು? ಕೆಲವು ದಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತಾಗ, 'ನಿನಗೀಗ ಹಸಿವಾಗಿದೆಯಾ ಜಯಪ್ಪ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಇಲ್ಲ ಎಂಬ ಉತ್ತರ ಬರುತ್ತಿತ್ತು. ಐವತ್ತೇಳು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲೇ ಇಲ್ಲ. ದಿನಕ್ಕೆ ಏಳು ಸಲ ತಟ್ಟುತ್ತಿದ್ದ ಕತ್ತರಿ ಮೂರಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. ಫೆಬ್ರವರಿ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನೂರ ಎಪ್ಪತ್ತು ಬಂತು. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಅವನು ಗಿರಾಕಿಗಳಿಗೆಲ್ಲ ಉಪದೇಶ ಶುರು ಮಾಡಿದ. ಉಪದೇಶ ಮಾಡುವ ಹೊತ್ತಿಗೇ ಮನುಷ್ಯ ಜಾರುವುದು.

ಕೊನೆಯ ಪರೀಕ್ಷೆಗೆ ಎರಡು ದಿನ ಇತ್ತು. ಅದು ಕೃಷ್ಣಪ್ಪ ಬೇಕರಿ ತೆರೆದ ದಿನ. ಪ್ರತಿ ವರ್ಷ ಆ ದಿನ ಅವನು ಅಕ್ಕಪಕ್ಕದ ಅಂಗಡಿಗಳಿಗೆ ಸಿಹಿ ಹಂಚುತ್ತಿದ್ದ. ಈ ಸಲ ಜಯಪ್ಪನ ಮೇಲಿನ ಪ್ರೀತಿಗೆ ತಾನೇ ನಿಂತು, ಮೊಟ್ಟೆಯ ಸೋಂಕಿಲ್ಲದ, ಅಪ್ಪಟ ತುಪ್ಪದ ಮೈಸೂರ್‌ಪಾಕ್ ಮಾಡಿದ್ದ. ಹನ್ನೆರಡು ತುಂಡಿನ ಡಬ್ಬ ಕಿಂಡಿಯಿಂದ ಈಚೆ ಬಂತು.

"ಲಿಂಗಕ್ಕೆ ತೋರಿಸಿಯೇ ತಿನ್ನಿ ಜಯಣ್ಣ, ಇದರಲ್ಲಿ ಯಾವ ದೋಷವೂ ಇಲ್ಲ," ಎಂದಿತು ಆ ಕಡೆಯ ದನಿ.

ಜಯಪ್ಪ ಕೈಕಾಲು ತೊಳೆದ, ವಿಭೂತಿ ಹಚ್ಚಿದ, ಮಣೆ ಹಾಕಿದ. ಒಂದು ತುಂಡನ್ನು ತಟ್ಟೆಗೆ ಹಾಕಿ ಮುಂದಿಡಬೇಕೆಂದುಕೊಂಡಿದ್ದ. ಪೂಜೆ ಮುಗಿಸಿ ನೋಡಿದರೆ ಮುಂದೆ ಇದ್ದದ್ದು ತಟ್ಟೆಯಲ್ಲ, ಇಡೀ ಡಬ್ಬ. ಮುಚ್ಚಳವೂ ತೆರೆದಿತ್ತು. ತಟ್ಟೆ ಪಕ್ಕದಲ್ಲಿ ಖಾಲಿ ಕೂತಿತ್ತು. ಲಿಂಗದ ಕಣ್ಣು ಹನ್ನೆರಡರ ಮೇಲೂ ಬಿದ್ದಾಗಿತ್ತು, ಹನ್ನೆರಡೂ ಪ್ರಸಾದವಾಗಿತ್ತು.

ಜಯಪ್ಪ ಬೆಳೆದ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು: ಪ್ರಸಾದವನ್ನು ಒಂದಗುಳೂ ಬಿಡುವಂತಿಲ್ಲ. ಅವನ ಅಪ್ಪ ಊಟವಾದ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದರು. ಈಗ ಆ ನೇಮ ಅವನಿಗೆ ಬಹಳ ಪ್ರೀತಿಯಿಂದ ನೆನಪಾಯಿತು. 'ನಾನೇನು ಬೇಕೆಂದು ಮಾಡಿದೆನೇ? ಕಣ್ಣು ಕಾಣಲಿಲ್ಲ, ಡಬ್ಬವೇ ತಟ್ಟೆಯಂತೆ ಕಂಡಿತು. ಈಗ ಬಿಟ್ಟರೆ ಪಾಪ.' ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಂದು ತುಂಡು ಬಾಯಿಗೆ ಹೋಯಿತು. ಆಹಾ, ಹಲ್ಲಿಗೆ ಕೆಲಸವೇ ಇಲ್ಲ! ಭಕ್ತಿಯಿಂದ ಎರಡನೆಯದನ್ನು ತಿಂದ. ಮೂರನೆಯದರ ಹೊತ್ತಿಗೆ ಭಕ್ತಿ ಉಕ್ಕಿ ಹರಿಯುತ್ತಿತ್ತು.

ನಾಲ್ಕನೆಯದು ಕೈಯಲ್ಲಿತ್ತು. ಎದುರಿನ ಕಪಾಟಿನಲ್ಲಿ ಪೊನ್ನಪ್ಪನವರ ಬಟ್ಟೆಯ ಗಂಟು ಬಿಚ್ಚದೆ ಕೂತಿತ್ತು. ಮಾರ್ಚ್ ಹದಿನೈದಕ್ಕೆ ಒಂದೇ ವಾರ. ಗೋಣಿಕೊಪ್ಪದ ಟೈಲರ್ ಆ ಬಿಳಿ ಬಟ್ಟೆಗೆ ಕತ್ತರಿ ಹಾಕುವುದು ಜಯಪ್ಪನ ಕಣ್ಣ ಮುಂದೆ ಬಂತು, ಆ ಮಂಜುಗಣ್ಣಿಗೂ ಅದು ಸ್ಪಷ್ಟವಾಗಿ ಕಂಡಿತು. ಈ ಸಲ ತಪ್ಪಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಅಂಗಡಿಯ ಬಾಗಿಲು ಹಾಕಿ ಮಗಳ ಮನೆಯ ಜಗಲಿಯಲ್ಲಿ ಕಣ್ಣು ಕಾಣದೆ ಕೂತಿರಬೇಕು. 

ಡಬ್ಬವನ್ನೂ ಅಂಗೈಯಲ್ಲಿದ್ದ ಲಿಂಗವನ್ನೂ ನೋಡಿದ. ತಟ್ಟೆಯನ್ನು ತಾನೇ ತೊಳೆದು ತಂದಿದ್ದ, ತಾನೇ ಪಕ್ಕಕ್ಕಿಟ್ಟಿದ್ದ. ಡಬ್ಬದ ಮುಚ್ಚಳ ತೆಗೆದದ್ದೂ ಅವನ ಕೈಯೇ. "ಕಣ್ಣಿನ ತಪ್ಪಲ್ಲ ಕಣಪ್ಪ, ನಾಲಿಗೇದು," ಎಂದು ಲಿಂಗಕ್ಕೆ ಗಟ್ಟಿಯಾಗಿಯೇ ಹೇಳಿದ. ಹೇಳಿದ ಮೇಲೆ ಹಗುರವಾಯಿತು. ಪ್ರಸಾದ ಬಿಡಬಾರದು, ನಿಜ. ಅದನ್ನು ಒಬ್ಬನೇ ತಿನ್ನಬೇಕೆಂದು ಯಾರು ಹೇಳಿದ್ದಾರೆ? ಹಂಚದೆ ತಿಂದದ್ದು ಪ್ರಸಾದ ಹೇಗಾದೀತು?

ಕೈಯಲ್ಲಿದ್ದ ನಾಲ್ಕನೆಯ ತುಂಡನ್ನು ಡಬ್ಬಕ್ಕೆ ಹಾಕಿ, ವಿಭೂತಿಯ ಹಣೆಯಲ್ಲೇ ಬೀದಿಗಿಳಿದ. ಆಟೋ ಸ್ಟ್ಯಾಂಡಿನಲ್ಲಿ ಮೂರು ಹೋದವು. ಬಸ್ಸಿನ ಕಂಡಕ್ಟರ್ ಒಂದು ತೆಗೆದುಕೊಂಡು, ಡ್ರೈವರಿಗೊಂದು ಕೇಳಿ ಪಡೆದ. ತರಕಾರಿ ಅಂಗಡಿಯ ವನಜಮ್ಮ, "ಎಂತ ವಿಶೇಷ ಜಯಪ್ಪಣ್ಣ, ಮೊಮ್ಮಗುವಾ?" ಎಂದು ಕೇಳಿದಳು.

"ಇಲ್ಲಮ್ಮ, ಬುದ್ಧಿ ಹುಟ್ಟಿತು," ಎಂದ ಜಯಪ್ಪ.

ತೋಟದ ಕೂಲಿಲೈನಿನ ಸೋಮಿ ಹರಿದ ಲಂಗ ಹೊಲಿಸಲು ಬರುತ್ತಿದ್ದವಳು ದಾರಿಯಲ್ಲೇ ಸಿಕ್ಕಳು. ಅವಳ ಎರಡು ಕೈಗೆ ಎರಡು ತುಂಡು ಹಾಕಿದ. "ಇನ್ನೊಂದು ಉಂಟಲ್ಲ ಅಣ್ಣ, ಅದೂ ಕೊಡಿ, ಗಂಡನಿಗೆ," ಎಂದು ಅದನ್ನೂ ತೆಗೆದುಕೊಂಡಳು. ಡಬ್ಬ ಖಾಲಿಯಾದಾಗ ಅದರ ಮೂಲೆಯಲ್ಲಿ ತುಪ್ಪ ಮೆತ್ತಿದ ಪುಡಿ ಉಳಿದಿತ್ತು. ಸುಳ್ಳೇಕೆ ಹೇಳಬೇಕು, ಜಯಪ್ಪ ಅದನ್ನು ಬೆರಳಿಗೆ ಹತ್ತಿಸಿ ನೆಕ್ಕಿದ.

ಸಂಜೆ ಮನೆಯಲ್ಲಿ ತಲೆ ತಗ್ಗಿಸಿ ಒಪ್ಪಿಸಿದ. "ಮೂರು ತಿಂದೆ ಕಣೇ."

"ಮೂರೇನಾ?" ಎಂದಳು ಸುಲೋಚನಮ್ಮ. "ಡಬ್ಬ ಕೊಟ್ಟಿದೀನಿ ಅಂತ ಕೃಷ್ಣಪ್ಪ ಫೋನ್ ಮಾಡಿದ್ರು. ನಾನು ಹನ್ನೆರಡೂ ಹೋಯ್ತು ಅಂದ್ಕೊಂಡು ಮಧ್ಯಾಹ್ನದಿಂದ ಅಳ್ತಾ ಕೂತಿದ್ದೆ."

ಮರುದಿನ ಅವನು ಸಿದ್ದಾಪುರದವರೆಗೆ ನಡೆದು ಹೋಗಿ ನಡೆದೇ ಬಂದ. ಅದರ ಮಾರನೆಯ ಬೆಳಿಗ್ಗೆ ವಿರಾಜಪೇಟೆಯಲ್ಲಿ ರಕ್ತ ಕೊಟ್ಟು, ರಿಪೋರ್ಟು ಬರುವ ತನಕ ಬೆಂಚಿನ ಮೇಲೆ ಕೂತು ಕರಡಿಗೆಯನ್ನು ಹಿಡಿದುಕೊಂಡೇ ಇದ್ದ. ನೂರ ನಲವತ್ತೆರಡು! ಡಾಕ್ಟರಮ್ಮ ಬೆನ್ನು ತಟ್ಟಿದರು. ಜಯಪ್ಪ ಅಲ್ಲಿಂದಲೇ ಪೊನ್ನಪ್ಪನವರಿಗೆ ಫೋನ್ ಮಾಡಿ, ಗೋಣಿಕೊಪ್ಪದ ದಾರಿ ಮರೆತುಬಿಡಿ ಸಾರ್ ಎಂದ.

ಆಪರೇಷನ್ ಆದ ಮರುದಿನ ನರ್ಸು ಬಲಗಣ್ಣಿನ ಪಟ್ಟಿ ಬಿಚ್ಚಿದಳು. ಮೊದಲು ಬೆಳಕು ಚುಚ್ಚಿತು, ಆಮೇಲೆ ಗೋಡೆಯ ಬಣ್ಣ ಕಂಡಿತು, ಆಮೇಲೆ ಎದುರಿಗೆ ಕೂತ ಸುಲೋಚನಮ್ಮ ಕಂಡಳು. ಜಯಪ್ಪ ಅವಳನ್ನೇ ನೋಡಿದ. ಅವಳ ಕೆನ್ನೆ ಒಳಗೆ ಹೋಗಿತ್ತು. ದಸರೆಗೆ ಅವನೇ ಹೊಲಿದು ಕೊಟ್ಟಿದ್ದ ರವಿಕೆ ಹೆಗಲಿನಿಂದ ಜಾರುತ್ತಿತ್ತು, ತೋಳಿನಲ್ಲಿ ಎರಡು ಇಂಚು ಸಡಿಲ.

"ನಿಂಗೇನಾಯ್ತೇ? ಹುಷಾರಿಲ್ವಾ?"

"ನಂಗೇನಾಗಿದೆ? ಕಲ್ಲುಗುಂಡು ಇದ್ದಂಗಿದೀನಿ."

"ಮತ್ತೆ ಈ ರವಿಕೆ?"

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ನೀವು ಮುದ್ದೆ ತಿಂತಿದ್ರಿ, ನಿಮ್ಮೆದುರಿಗೆ ಅನ್ನ, ಪಾಯಸ ತಿನ್ನೋಕೆ ಮನಸ್ಸು ಬರಲಿಲ್ಲ. ನೀವು ಅಂಗಡಿಗೆ ಹೋದ ಮೇಲೆ ತಿನ್ನೋಣ ಅಂತ ಕೂತ್ರೆ, ಗಂಟಲಲ್ಲಿ ಇಳೀಲಿಲ್ಲ. ಚಂದನಾ ಶಿವರಾತ್ರಿಗೆ ಕಳಿಸಿದ ತಂಬಿಟ್ಟನ್ನ ಆಚೆ ಮನೆಗೆ ಕೊಟ್ಬಿಟ್ಟೆ. ಅದಕ್ಕೇನೀಗ? ಕಣ್ಣಿಗೆ ಹನಿ ಹಾಕ್ತೀನಿ, ತಲೆ ಎತ್ತಿ."

ಜಯಪ್ಪನ ಹೊಸ ಕಣ್ಣಿನಿಂದ ನೀರು ಇಳಿಯಿತು. ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ನರ್ಸು ಗದರಿದಳು. ಆರು ವಾರ ತಾನೊಬ್ಬನೇ ಬಾಯಿ ಕಟ್ಟಿದೆನೆಂದು ಊರಿಗೆಲ್ಲ ಉಪದೇಶ ಮಾಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅವನಿಗಾದರೂ ದಿನಕ್ಕೊಂದು ಬಿಸ್ಕತ್ತು ಸಿಕ್ಕಿತ್ತು, ಅವಳಿಗೆ ಅದೂ ಇರಲಿಲ್ಲ.

ಮೂರು ವಾರ ಸೂಜಿ ಮುಟ್ಟಬಾರದೆಂದಿದ್ದರು, ಮುಟ್ಟಲಿಲ್ಲ. ಏಪ್ರಿಲ್ ಮೊದಲ ವಾರ ಅಂಗಡಿ ತೆರೆದವನು ಪೊನ್ನಪ್ಪನವರ ಗಂಟಿಗೆ ಕೈಹಾಕುವ ಮೊದಲು ಸುಲೋಚನಮ್ಮನ ನಾಲ್ಕು ರವಿಕೆಗಳ ಹೊಲಿಗೆ ಬಿಚ್ಚಿ ಸಡಿಲ ಹಿಡಿದು ಹೊಲಿದ. ಮಧ್ಯಾಹ್ನ ಅವಳು ಬುತ್ತಿ ತಂದಾಗ ಕಿಂಡಿಯ ಹತ್ತಿರ ಹೋಗಿ, "ಕೃಷ್ಣಪ್ಪ, ಮೈಸೂರ್‌ಪಾಕ್ ಇದ್ಯಾ? ಒಂದೇ ಒಂದು," ಎಂದ.

"ಜಯಣ್ಣ!" ಎಂದು ಆ ಕಡೆಯಿಂದ ಗಾಬರಿಯ ದನಿ ಬಂತು.

"ನಂಗಲ್ಲ ಮಾರಾಯ, ಕೊಡು."

ಸುಲೋಚನಮ್ಮ ಬೇಡವೆಂದಳು, ಆಮೇಲೆ ಕೈ ತೊಳೆದು ಬಂದಳು. ತನ್ನ ಲಿಂಗಕ್ಕೆ ತೋರಿಸಿ, ತುಂಡನ್ನು ಎರಡಾಗಿ ಮುರಿದು ಅರ್ಧವನ್ನು ಅವನತ್ತ ಚಾಚಿದಳು. ಮೂವತ್ತೊಂದು ವರ್ಷದ ಅಭ್ಯಾಸ, ಅವಳ ಕೈ ತಾನಾಗಿ ಮುಂದೆ ಬಂತು.

"ಅದನ್ನೂ ನೀನೇ ತಿನ್ನು," ಎಂದ ಜಯಪ್ಪ. "ನಾನು ನೋಡ್ತೀನಿ. ಈಗ ಚೆನ್ನಾಗಿ ಕಾಣ್ತದೆ."

ಅವಳು ಗೋಡೆಯ ಕಡೆ ತಿರುಗಿ ನಾಚಿಕೊಂಡು ತಿಂದಳು. ಜಯಪ್ಪ ಸ್ಟೂಲಿನ ಮೇಲೆ ಕೂತು ಪೂರ್ತಿ ನೋಡಿದ. ಬಾಯಲ್ಲಿ ನೀರೂರಿತು, ನುಂಗಿಕೊಂಡ. ಅವಳು ತುಟಿಯಂಚಿನ ಪುಡಿಯನ್ನು ಬೆರಳಿನಿಂದ ಒರೆಸಿಕೊಂಡು ತಿಂದು ಮುಗಿಸಿದ ಮೇಲೆ ಅವನಿಗೆ ಹೊಟ್ಟೆ ತುಂಬಿದಂತಾಯಿತು.